ಸೊಸೈಟಿಯ ನೆರಳಿನಲ್ಲಿ ಕಾಡುಹೂ ಬೆಳೆಸುವ ಬಗ್ಗೆ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ನೆರಳು ಬೀಳುವ ಅಂಗಳಗಳ ತೋಟಗಾರಿಕೆಯನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಉಳಿಯುವ ನಾಲ್ಕೈದು ಅಡಿ ಅಗಲದ ಮಣ್ಣಿನ ಪಟ್ಟಿಯ ಕಡೆಗೆ ಯಾರೂ ಕಣ್ಣು ಹಾಯಿಸದ ಕಾಲದಲ್ಲಿ ಅಂಥದೊಂದು ಲೇಖನ ಬಂದದ್ದೇ ಸಂತೋಷದ ಸಂಗತಿ. ಆದರೆ ಅದರಲ್ಲಿನ ಎರಡು ಸಲಹೆಗಳನ್ನು ನಮ್ಮ ಹವೆ, ನಮ್ಮ ಮಣ್ಣುಗಳನ್ನು ಬಲ್ಲವರು ಒಪ್ಪುವುದು ಕಷ್ಟ. ಬಿಸಿಲು ಬೀಳದ ಜಾಗದಲ್ಲಿ ಹೂವಿನ ಆಸೆಯನ್ನು ಬಿಟ್ಟು ಮನಿಪ್ಲಾಂಟ್, ಸಿಂಗೋನಿಯಂಗಳಂಥ ಎಲೆಗಿಡಗಳನ್ನು ಹಾಕಬೇಕು, ಅದೂ ಆಗದಿದ್ದರೆ ಪೇವರ್ ಬ್ಲಾಕ್ ಹಾಸಿಬಿಡುವುದು ಮೇಲು ಎಂಬುದು ಮೊದಲನೆಯ ಸಲಹೆ. ಕಾಡುಹೂಗಳ ಬೀಜವನ್ನು ಬಿತ್ತುವ ಮುಂಚೆ ಒದ್ದೆ ಮರಳಿನಲ್ಲಿ ಕಲಸಿ ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿ ಇಡಬೇಕು ಎಂಬುದು ಎರಡನೆಯದು.

ಬೋರಿವಲಿ ಪೂರ್ವದಲ್ಲಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿಗೆ ಹೊಂದಿಕೊಂಡ ಬಡಾವಣೆಯಲ್ಲಿ ಬಹುಕಾಲದಿಂದ ವಾಸವಾಗಿರುವ ನನಗೆ, ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಮರಗಳ ಬುಡದಲ್ಲಿಯೇ ಜುಲೈನಿಂದ ಅಕ್ಟೋಬರ್‌ವರೆಗೆ ಅರಳುವ ಹೂಗಳನ್ನು ನೋಡಿದ ಮೇಲೆ, ನೆರಳಿನಲ್ಲಿ ಹೂ ಇಲ್ಲ ಎನ್ನುವ ಮಾತು ವಿಚಿತ್ರವಾಗಿ ಕೇಳುತ್ತದೆ. ಮರದಡಿಯಲ್ಲಿ ಬೆಳೆಯುವುದಕ್ಕೆಂದೇ ಒಗ್ಗಿಕೊಂಡ ಗಿಡಗಳು ಸಹ್ಯಾದ್ರಿಯಲ್ಲಿಯೂ ಕೊಂಕಣದಲ್ಲಿಯೂ ಬೇಕಾದಷ್ಟಿವೆ. ಅವುಗಳಲ್ಲಿ ಕೆಲವನ್ನು ಬೀಜದಿಂದಲೇ ಎಬ್ಬಿಸಿ ಸೊಸೈಟಿಯ ಪಟ್ಟಿಯಲ್ಲಿ ಬೆಳೆಸಬಹುದು. ಬಿತ್ತನೆಯ ಕಾಲವನ್ನು ಪರದೇಶದ ಪುಸ್ತಕಗಳಿಂದ ತೆಗೆದುಕೊಳ್ಳದೆ ಇಲ್ಲಿಯ ಮಳೆಯಿಂದ ತೆಗೆದುಕೊಳ್ಳಬೇಕು ಎಂಬುದಷ್ಟೇ ನಾನು ಹೇಳಬೇಕಾದದ್ದು.

ಮೊದಲು ನೆರಳಿನ ವಿಚಾರ. ಎಲ್ಲ ನೆರಳೂ ಒಂದೇ ಅಲ್ಲ. ಮಳೆಮರದ ಅಡಿಯಲ್ಲಿ ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿಯುತ್ತದೆ. ಆ ಮರ ಸಂಜೆಗೆ ಎಲೆ ಮಡಚುವುದರಿಂದ ರಾತ್ರಿಯ ಸಣ್ಣ ಮಳೆಯೂ ಬುಡಕ್ಕೆ ತಲುಪುತ್ತದೆ. ಮಾವು, ಹಲಸುಗಳ ಅಡಿಯ ನೆರಳು ಇದಕ್ಕಿಂತ ಗಟ್ಟಿ. ಕಾರು ನಿಲ್ಲಿಸುವ ಕಂಬಗಳ ನಡುವಿನ ಜಾಗ ನೆರಳಲ್ಲ, ಕತ್ತಲೆ. ಅಲ್ಲಿ ಏನನ್ನೂ ಬಿತ್ತಬೇಕಾಗಿಲ್ಲ. ಇನ್ನು ಕಟ್ಟಡದ ಉತ್ತರ ಮಗ್ಗುಲಿನ ಪಟ್ಟಿ. ವರ್ಷವಿಡೀ ಕಪ್ಪಾಗಿರುತ್ತದೆಂದು ಎಲ್ಲರೂ ಕೈಬಿಟ್ಟಿರುವ ಈ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯ ವಾರದವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯನ್ನು ದಾಟಿ ತುಸು ಉತ್ತರಕ್ಕೆ ಇರುತ್ತಾನೆ, ಬೆಳಿಗ್ಗೆ ಹುಟ್ಟುವುದೂ ಸಂಜೆ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಆದ್ದರಿಂದ ಡಿಸೆಂಬರಿನಲ್ಲಿ ಒಂದು ಕಿರಣವನ್ನೂ ಕಾಣದ ಉತ್ತರದ ಪಟ್ಟಿಗೆ ಮೊಳಕೆ ಏಳುವ ವಾರಗಳಲ್ಲಿಯೇ ಬೆಳಕು ಸಿಗುತ್ತದೆ. ಮೋಡ ಕವಿದಿದ್ದರೂ ಆಕಾಶದ ಬೆಳಕು ಸಾಕಷ್ಟಿರುತ್ತದೆ. ಗಿಡ ಎದ್ದು, ಹೂ ಬಿಟ್ಟು, ಬೀಜ ಕಟ್ಟುವ ಹೊತ್ತಿಗೆ ಮತ್ತೆ ನೆರಳು ಆವರಿಸುತ್ತದೆ. ಒಂದೇ ಮಳೆಗಾಲದಲ್ಲಿ ಬದುಕು ಮುಗಿಸುವ ಗಿಡಕ್ಕೆ ಅದರಿಂದ ತೊಂದರೆಯಿಲ್ಲ.

ನಮ್ಮ ಸುತ್ತಲಿನ ಗುಡ್ಡಗಳಲ್ಲಿಯೂ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ. ಬೋರಿವಲಿಯ ಕಾಡು ಬಹುಪಾಲು ಎಲೆ ಉದುರಿಸುವ ಕಾಡು. ಸಾಗುವಾನಿ ಬೇಸಗೆಯಲ್ಲಿ ಬೋಳಾಗಿ ನಿಂತಿರುತ್ತದೆ. ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿದಾಗ ಮೇಲೆ ಮರ ಚಿಗುರುವುದೂ ಕೆಳಗೆ ನೆಲದ ಗಿಡಗಳು ಏಳುವುದೂ ಒಟ್ಟಿಗೆ ನಡೆಯುತ್ತವೆ, ಮೇಲಿನ ಚಪ್ಪರ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ಕೆಳಗಿನವು ಒಂದು ಗೇಣು ಎದ್ದಿರುತ್ತವೆ. ಅಮೆರಿಕ, ಯೂರೋಪುಗಳ ಕಾಡುಹೂಗಳೂ ಇಂಥದೇ ಸಂದನ್ನು ಬಳಸಿಕೊಳ್ಳುತ್ತವೆ. ಅಲ್ಲಿ ಹಿಮ ಕರಗಿ ಮರ ಎಲೆ ಬಿಡುವ ಮುಂಚಿನ ಕೆಲವು ವಾರ ಅವುಗಳ ಕಾಲ. ಅಲ್ಲಿಯ ಬೀಜಕ್ಕೆ ಚಳಿಗಾಲವೊಂದು ಕಳೆದಿದೆ ಎಂಬ ಗುರುತು ಸಿಗಬೇಕು, ಇಲ್ಲದಿದ್ದರೆ ಶರತ್ಕಾಲದಲ್ಲಿ ಉದುರಿದ ಬೀಜ ಕೂಡಲೇ ಮೊಳೆತು ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಉತ್ತರ ಅಮೆರಿಕದ ಟ್ರಿಲಿಯಂ ಎಂಬ ಬಿಳಿ ಹೂವಿನ ಗಿಡದ ಬೀಜ ಒಂದು ಚಳಿಗಾಲ ಕಳೆದ ಮೇಲೆ ಬೇರನ್ನು ಮಾತ್ರ ಇಳಿಸಿ, ಎರಡನೆಯ ಚಳಿಗಾಲ ಕಳೆದ ಮೇಲೆ ಮೊದಲ ಎಲೆಯನ್ನು ತೋರಿಸುತ್ತದೆ. ಹೂ ಬಿಡಲು ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುವುದುಂಟು. ಅಲ್ಲಿಯ ತೋಟಗಾರರು ಬೀಜವನ್ನು ಫ್ರಿಜ್ಜಿನಲ್ಲಿಟ್ಟು ಚಳಿಗಾಲದ ಭ್ರಮೆ ಹುಟ್ಟಿಸುವುದು ಇದಕ್ಕಾಗಿ, ಅದು ಅಲ್ಲಿಗೆ ಸರಿಯಾದ ಕ್ರಮ.

ಇಲ್ಲಿಯ ಬೀಜ ಎದುರಿಸಬೇಕಾದ ಕಷ್ಟ ಬೇರೆ. ಅಕ್ಟೋಬರಿನಲ್ಲಿ ಉದುರಿದ ಬೀಜ ನವೆಂಬರಿನ ಒಂದು ಅಕಾಲ ಮಳೆಗೆ ಮರುಳಾಗಿ ಮೊಳೆತರೆ, ಮುಂದಿನ ಆರೇಳು ತಿಂಗಳ ಒಣನೆಲದಲ್ಲಿ ಅದು ಬದುಕುವುದಿಲ್ಲ. ಆದ್ದರಿಂದ ನಮ್ಮ ಮಳೆಗಾಲದ ಗಿಡಗಳ ಬೀಜ ಒಣಮಣ್ಣಿನಲ್ಲಿ, ಏಪ್ರಿಲ್ ಮೇ ತಿಂಗಳ ಕಾವಿನಲ್ಲಿ ಮಲಗಿದ್ದು ಪಕ್ವವಾಗುತ್ತದೆ, ಆಮೇಲೆ ಸತತವಾಗಿ ನೆಲ ನೆನೆದಾಗ ಮಾತ್ರ ಏಳುತ್ತದೆ. ಇಂಥ ಬೀಜವನ್ನು ಒದ್ದೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಉಪಯೋಗವಿಲ್ಲದಿರುವುದು ಮಾತ್ರವಲ್ಲ, ಬೂಷ್ಟು ಹಿಡಿದು ಬೀಜವೇ ಹೋಗುತ್ತದೆ. ಕಾಗದದ ಲಕೋಟೆಯಲ್ಲಿ ಹಾಕಿ, ಅಡುಗೆಮನೆಯ ಆವಿ ತಾಕದ ಅಟ್ಟದ ಮೇಲಿಟ್ಟರೆ ಸಾಕು. ಮುಂಬಯಿಯ ಬೇಸಗೆ ಉಳಿದ ಕೆಲಸವನ್ನು ಮಾಡುತ್ತದೆ.

ಬೀಜ ಮಳೆಯ ಲೆಕ್ಕವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂಬುದಕ್ಕೆ ಕಾರವಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೋರಿವಲಿಯ ಗುಡ್ಡಗಳಲ್ಲಿ ಸುಮಾರು ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ನೇರಳೆ ಹೂ ಬಿಟ್ಟು ಸಾಯುವ ಈ ಗಿಡದ ಕಾಯಿ ಹೂವಿನ ಮುಂದಿನ ಬೇಸಗೆಯವರೆಗೆ ಒಣಗಿ ಗಿಡದಲ್ಲಿಯೇ ನಿಂತಿರುತ್ತದೆ. ಮೊದಲ ಮಳೆಹನಿ ತಾಕಿದೊಡನೆ ಚಟಚಟನೆ ಸಿಡಿದು ಬೀಜವನ್ನು ಎಸೆಯುತ್ತದೆ. ಸೊಸೈಟಿಯ ಪಟ್ಟಿಗೆ ಕಾರವಿ ಹೇಳಿದ ಗಿಡವಲ್ಲ. ಎಂಟು ವರ್ಷ ಕಾಯುವಷ್ಟರಲ್ಲಿ ಕಮಿಟಿಯೇ ನಾಲ್ಕು ಸಲ ಬದಲಾಗಿರುತ್ತದೆ. ಆದರೆ ಅದೇ ಕುಟುಂಬಕ್ಕೆ ಸೇರಿದ, ಅದೇ ರೀತಿ ನೀರು ತಾಕಿದರೆ ಕಾಯಿ ಸಿಡಿಯುವ, ನಮ್ಮವರೆಲ್ಲರಿಗೂ ಪರಿಚಯವಿರುವ ಗಿಡವೊಂದಿದೆ. ಅದು ಅಬ್ಬಲಿಗೆ. ಊರ ಕಡೆ ಕನಕಾಂಬರವೆಂದೂ ಇಲ್ಲಿಯ ಮರಾಠಿಗರಲ್ಲಿ ಅಬೋಲಿಯೆಂದೂ ಕರೆಸಿಕೊಳ್ಳುವ ಈ ಹೂವನ್ನು ನಾವು ಜಡೆಗೂ ದೇವರಿಗೂ ಮುಡಿಸುವ ಹೂವೆಂದು ಮಾತ್ರ ತಿಳಿದಿದ್ದೇವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಮೂಲದ ಅದು ಅರೆನೆರಳಿನಲ್ಲಿ ಸುಖವಾಗಿರುವ ಗಿಡವೆಂಬುದನ್ನು ಗಮನಿಸಿದವರು ಕಡಿಮೆ.

ಅಬ್ಬಲಿಗೆಯ ತೆನೆ ಬುಡದಿಂದ ಒಣಗುತ್ತಾ ಬರುತ್ತದೆ. ಬುಡದ ಕಾಯಿಗಳು ಕಂದು ಬಣ್ಣಕ್ಕೆ ತಿರುಗಿದಾಗ ಇಡೀ ತೆನೆಯನ್ನು ಕತ್ತರಿಸಿ, ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ, ಒಂದೆರಡು ಹನಿ ನೀರು ಚಿಮುಕಿಸಿದರೆ ಕಾಯಿಗಳು ಚೀಲದೊಳಗೇ ಸಿಡಿಯುತ್ತವೆ. ಬೀಜ ನೆಲದ ಪಾಲಾಗದೆ ಕೈಗೆ ಬರುತ್ತದೆ. ಅದನ್ನು ಕೂಡಲೇ ಒಣಗಿಸಿಕೊಳ್ಳಬೇಕು. ಬಿತ್ತಿದ ಮೇಲೆ ಎಲ್ಲವೂ ಒಟ್ಟಿಗೆ ಏಳುವುದಿಲ್ಲ; ಕೆಲವು ಎರಡು ವಾರಕ್ಕೆ, ಕೆಲವು ತಿಂಗಳಿಗೆ, ಇನ್ನು ಕೆಲವು ಎಲ್ಲರೂ ಮರೆತ ಮೇಲೆ ಏಳುತ್ತವೆ. ಆದ್ದರಿಂದ ಬಿತ್ತಿದ ಜಾಗವನ್ನು ಅವಸರದಲ್ಲಿ ಅಗೆಯಬಾರದು. ಒಂದು ಎಚ್ಚರ: ಮಾರುಕಟ್ಟೆಯಲ್ಲಿ ಡೆಲ್ಲಿ ಕನಕಾಂಬರ ಎಂಬ ಹೆಸರಿನಲ್ಲಿ ಸಿಗುವ ಕಡುಕಿತ್ತಳೆಯ ತಳಿ ತ್ರಿಗುಣಿತ, ಅಂದರೆ ಜೀವಕೋಶದಲ್ಲಿ ವರ್ಣತಂತುಗಳ ಎರಡು ಗುಂಪುಗಳ ಬದಲು ಮೂರು ಇರುವಂಥದು, ಆದ್ದರಿಂದ ಅದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಬೀಜ ಬೇಕೆನ್ನುವವರು ಊರಿನ ಹಳೆಯ ಕಿತ್ತಳೆ ಅಬ್ಬಲಿಗೆಯನ್ನೇ ಹುಡುಕಬೇಕು. ಉಡುಪಿ, ಕುಂದಾಪುರಗಳಿಂದ ಕೊಂಕಣ ರೈಲಿನಲ್ಲಿ ಹಪ್ಪಳ, ಕುಚ್ಚಲಕ್ಕಿಗಳ ಜೊತೆಗೆ ಸೀರೆಯ ಚೂರಿನಲ್ಲಿ ಗಂಟು ಕಟ್ಟಿದ ಅಬ್ಬಲಿಗೆ ಬೀಜವೂ ಮುಂಬಯಿಗೆ ಬರುತ್ತಿದ್ದುದು ನಮ್ಮ ಅನೇಕ ಮನೆಗಳ ಅನುಭವ. ಆ ರೂಢಿ ಪೂರ್ತಿ ನಿಂತಿರಲಾರದು.

ಮೊದಲ ವರ್ಷದಲ್ಲಿಯೇ ಹೂ ನೋಡಬೇಕೆನ್ನುವವರಿಗೆ ಕರ್ಣಕುಂಡಲಕ್ಕಿಂತ ಯೋಗ್ಯವಾದ ಗಿಡವಿಲ್ಲ. ಮರಾಠಿಯಲ್ಲಿ ತೇರಡಾ ಎನ್ನುವ ಇದು ಮುಂಬಯಿ, ಪುಣೆ, ಗೋವೆಗಳ ಗುಡ್ಡದ ಇಳಿಜಾರಿನಲ್ಲಿ, ರಸ್ತೆ ಕೊರೆದ ದಿಬ್ಬಗಳ ಮೇಲೆ, ಮರದ ಅಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ತೇರಡಾದ ಬಣ್ಣ ಮೂರು ದಿನ ಎಂದು ಮರಾಠಿಯಲ್ಲಿ ಗಾದೆಯೇ ಇದೆ. ಗಾದೆ ಕಟ್ಟಿದವರು ಒಂದು ಹೂವನ್ನು ನೋಡಿ ಹೇಳಿರಬೇಕು, ಗಿಡವಂತೂ ವಾರಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ಕಾಯಿ ಬಲಿತು ಉಬ್ಬಿ ಬಣ್ಣ ತಿಳಿಯಾದಾಗ ಬೆರಳು ತಾಕಿದರೂ ಸಾಕು, ಸಿಪ್ಪೆ ಸುರುಳಿಸುತ್ತಿ ಬೀಜಗಳನ್ನು ದೂರ ಎಸೆಯುತ್ತದೆ. ಆದ್ದರಿಂದ ಕಾಯಿಯನ್ನು ಮುಷ್ಟಿಯೊಳಗೆ ಹಿಡಿದೇ ಕೀಳಬೇಕು. ಈ ಬೀಜವನ್ನು ಪಡೆಯಲು ಕಾಡಿಗೆ ಹೋಗಬೇಕಾಗಿಯೂ ಇಲ್ಲ. ಭಾದ್ರಪದದಲ್ಲಿ ಗೌರಿಯನ್ನು ಕೂರಿಸುವ ಹೊತ್ತಿಗೆ ದಾದರಿನ ಹೂವಿನ ಮಾರುಕಟ್ಟೆಗೆ ತೇರಡಾದ ಕಟ್ಟುಗಳು ಬರುತ್ತವೆ, ಕೊಂಕಣದ ಅನೇಕ ಮನೆಗಳಲ್ಲಿ ಆ ಗಿಡವನ್ನೇ ಗೌರಿಯೆಂದು ಪೂಜಿಸುತ್ತಾರೆ. ಕಟ್ಟಿನ ಕೆಳಗಿನ ಗೆಣ್ಣುಗಳಲ್ಲಿ ಬಲಿತ ಕಾಯಿಗಳು ಇರುವುದುಂಟು. ಪೂಜೆ ಮುಗಿದು ವಿಸರ್ಜನೆಗೆ ಹೋಗುವ ಮುಂಚೆ ಅವನ್ನು ಬಿಡಿಸಿಕೊಂಡರೆ ಒಂದು ಸೊಸೈಟಿಗೆ ಸಾಲುವಷ್ಟು ಬೀಜ ಸಿಗುತ್ತದೆ. ನರ್ಸರಿಯ ಪೊಟ್ಟಣಗಳಲ್ಲಿ ಬಾಲ್ಸಂ ಎಂದು ಸಿಗುವುದು ಇದೇ ಗಿಡದ ಇಮ್ಮಡಿ ದಳದ ತೋಟದ ತಳಿ. ನೋಡಲು ತುಂಬಿಕೊಂಡಿದ್ದರೂ ದಳಗಳ ದಟ್ಟಣೆಯಲ್ಲಿ ಜೇನ್ನೊಣಕ್ಕೆ ದಾರಿ ಸಿಗುವುದು ಕಷ್ಟ. ಒಂಟಿ ದಳದ, ಹಿಂದೆ ಬಾಗಿದ ಬಾಲವಿರುವ ಕಾಡಿನ ರೂಪವೇ ನಮಗೆ ಬೇಕಾದದ್ದು.

ಕರ್ಣಕುಂಡಲದ ಬೀಜವನ್ನು ಮೇ ತಿಂಗಳ ಕೊನೆಯ ವಾರ ಒಣಮಣ್ಣಿನ ಮೇಲೆಯೇ ಚೆಲ್ಲಿ, ಬೀಜ ಮುಚ್ಚುವಷ್ಟು ಮಾತ್ರ ಪುಡಿಮಣ್ಣು ಉದುರಿಸಿ ಬಿಟ್ಟುಬಿಡಬಹುದು. ನೀರು ಹಾಕಬಾರದು. ಬಿತ್ತಿದ ಮರುದಿನವೇ ಪೈಪು ಹಿಡಿದು ನಿಲ್ಲುವ ನಮ್ಮ ಉತ್ಸಾಹವೇ ಇಲ್ಲಿ ಶತ್ರು. ಮೇ ತಿಂಗಳಲ್ಲಿ ನೀರುಣಿಸಿ ಎಬ್ಬಿಸಿದ ಮೊಳಕೆ ಒಂದು ದಿನ ನೀರು ತಪ್ಪಿದರೆ ಬಿಸಿಲಿಗೆ ಬಾಡುತ್ತದೆ. ಮಳೆ ಬಂದ ಮೇಲೆ ಎರಡು ವಾರದೊಳಗೆ ಅದಾಗಿಯೇ ಏಳುತ್ತದೆ. ಹತ್ತಿರ ಹತ್ತಿರ ಎದ್ದವನ್ನು ಗೇಣಿಗೊಂದರಂತೆ ಬಿಟ್ಟು ಉಳಿದವನ್ನು ಕಿತ್ತರೆ ಆಗಸ್ಟಿನಲ್ಲಿ ಹೂ ಬರುತ್ತದೆ. ಒಮ್ಮೆ ನೆಲೆಯೂರಿತೆಂದರೆ ಮರುವರ್ಷ ಬಿತ್ತುವ ಕೆಲಸವೇ ಇರುವುದಿಲ್ಲ.

ಸ್ವಲ್ಪ ತಾಳ್ಮೆಯಿರುವವರಿಗೆ ಚಂಗಲಕೋಷ್ಠವನ್ನು ಹೇಳಬೇಕು. ಮರಾಠಿಯ ಪೇವ ಇದೇ. ಸುರುಳಿ ಮೆಟ್ಟಿಲಿನಂತೆ ತಿರುಗುತ್ತಾ ಏರುವ ಎಲೆಗಳು, ಕೆಂಪು ಕವಚಗಳ ದಿಂಡು, ಅದರಿಂದ ಹೊರಬರುವ ಹಾಳೆಯಷ್ಟು ತೆಳುವಾದ ಬಿಳಿ ಹೂ. ನೆರಳೂ ಒದ್ದೆಯೂ ಎರಡೂ ಇರುವ ಜಾಗಕ್ಕೆ, ಮುಖ್ಯವಾಗಿ ಮಹಡಿಯ ನೀರು ಇಳಿಯುವ ಪೈಪಿನ ಆಸುಪಾಸಿಗೆ ಇದಕ್ಕಿಂತ ಒಪ್ಪುವ ಗಿಡ ಅಪರೂಪ. ಮಳೆಗಾಲ ಮುಗಿದ ಮೇಲೆ ಕೆಂಪು ಕಾಯಿ ಬಿರಿದು ಬಿಳಿಯ ಮೆತ್ತನೆಯ ಹೊದಿಕೆಯೊಳಗೆ ಕಪ್ಪು ಬೀಜಗಳು ಕಾಣುತ್ತವೆ. ಆ ಹೊದಿಕೆಯನ್ನು ನೀರಿನಲ್ಲಿ ಉಜ್ಜಿ ತೊಳೆಯದಿದ್ದರೆ ಇರುವೆಗಳು ಬೀಜವನ್ನೇ ಹೊತ್ತುಕೊಂಡು ಹೋಗುತ್ತವೆ. ಬೀಜದಿಂದ ಬೆಳೆಸಿದ ಗಿಡ ಹೂ ಬಿಡಲು ಎರಡು ಮೂರು ಮಳೆಗಾಲ ಬೇಕು. ಬೇಸಗೆಯಲ್ಲಿ ಮೇಲಿನ ಭಾಗ ಪೂರ್ತಿ ಒಣಗಿ ಹೋಗುತ್ತದೆ, ಗೆಡ್ಡೆ ಮಾತ್ರ ನೆಲದೊಳಗಿರುತ್ತದೆ. ಗಿಡ ಸತ್ತಿತೆಂದು ಆ ಜಾಗಕ್ಕೆ ಕ್ರೋಟನ್ ಕುಂಡ ತಂದಿಡುವ ಸೆಕ್ರೆಟರಿಗಳು ಎಲ್ಲ ಸೊಸೈಟಿಗಳಲ್ಲಿಯೂ ಇರುತ್ತಾರೆ. ಅಲ್ಲೊಂದು ಕೋಲು ನೆಟ್ಟು ಗುರುತು ಮಾಡಿಡುವುದು ಕ್ಷೇಮ.

ಅಗ್ನಿಶಿಖೆಯನ್ನೂ ಬೀಜದಿಂದ ಬೆಳೆಸಬಹುದು. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಬೇಲಿಯನ್ನು ಹತ್ತುವ, ಜ್ವಾಲೆಯಂಥ ಹೂವಿನ ಈ ಬಳ್ಳಿ ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ. ಇದರ ಎಲ್ಲ ಭಾಗಗಳೂ, ಅದರಲ್ಲಿಯೂ ಗೆಡ್ಡೆ, ಕಾಲ್ಚಿಸಿನ್ ಎಂಬ ಕಡುವಿಷದಿಂದ ಕೂಡಿರುವುದರಿಂದ ಮಕ್ಕಳು ಆಡುವ ಕಡೆ ಬೇಡವೇ ಬೇಡ. ಚಳಿಗಾಲದ ಕೊನೆಯಲ್ಲಿ ನೀಲಿ ಹೂ ಬಿಟ್ಟು ಕೆಂಪಾಗಿ ಬಾಡುವ ದಶಮೂಳಿ, ಸಹ್ಯಾದ್ರಿಗೇ ಸೀಮಿತವಾದ ಸೊಂಟದೆತ್ತರದ ಪೊದೆ, ಮಾವಿನ ಅಡಿಯ ದಟ್ಟ ನೆರಳನ್ನೂ ತಾಳುತ್ತದೆ. ಅಬ್ಬಲಿಗೆಯ ಸಂಬಂಧಿಯೇ ಆದ್ದರಿಂದ ಬೀಜ ಹಿಡಿಯುವ ಉಪಾಯವೂ ಅದೇ. ಹಳದಿ ಗೋರಂಟೆಗೆ ಇದಕ್ಕಿಂತ ಬೆಳಕು ಹೆಚ್ಚು ಬೇಕು, ಪಟ್ಟಿಯ ತುದಿಗೆ ಸರಿ. ಅಬ್ಬಲಿಗೆ, ದಶಮೂಳಿ, ಗೋರಂಟೆಗಳೆಲ್ಲ ಸೇರಿದ ಈ ಕುಟುಂಬದ ಗಿಡಗಳ ಎಲೆ ಹಲವು ಬಗೆಯ ಚಿಟ್ಟೆಗಳ ಮರಿಹುಳುಗಳಿಗೆ ಆಹಾರ, ಎಲೆ ತೂತಾದರೆ ಔಷಧ ಸಿಂಪಡಿಸಲು ಓಡಬೇಕಾಗಿಲ್ಲ.

ಬೀಜದಿಂದ ಬೆಳೆಸುವ ಪ್ರಯತ್ನಕ್ಕೆ ಕೈ ಹಾಕಬಾರದ ಗಿಡಗಳೂ ಇವೆ. ನೆಲದ ಮೇಲೆ ಬೆಳೆಯುವ ಆರ್ಕಿಡ್‌ಗಳ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ; ಕಾಡಿನ ಮಣ್ಣಿನಲ್ಲಿರುವ ನಿರ್ದಿಷ್ಟ ಶಿಲೀಂಧ್ರ ಜೊತೆಗೂಡಿದರೆ ಮಾತ್ರ ಅದು ಮೊಳೆಯುತ್ತದೆ. ಅವನ್ನು ಗೆಡ್ಡೆಸಹಿತ ಕಿತ್ತು ತಂದು ಕುಂಡದಲ್ಲಿಟ್ಟರೆ ಹೆಚ್ಚು ಕಾಲ ಉಳಿಯುವುದೂ ಇಲ್ಲ. ಅಗೆತದಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೋರಿವಲಿಯ ಹೆಸರನ್ನೇ ಹೊತ್ತ ಗಿಡವೊಂದಿದೆ. ಸಫೇದ್ ಮುಸಲಿ ಎಂದು ಔಷಧದ ಅಂಗಡಿಗಳಲ್ಲಿ ಮಾರುವ ಬೇರಿನ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಕ್ಲೋರೋಫೈಟಂ ಬೋರಿವಿಲಿಯಾನಂ ಎಂದು ಹೆಸರು. 1950ರ ದಶಕದಲ್ಲಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಪಾದ್ರಿ, ಸಸ್ಯವಿಜ್ಞಾನಿ ಹರ್ಮೆನೆಗಿಲ್ಡ್ ಸಾಂತಾಪಾವ್ ಅವರು ಸಹೋದ್ಯೋಗಿಯೊಬ್ಬರ ಜೊತೆ ಇದನ್ನು ವರ್ಣಿಸಿ ಹೆಸರಿಟ್ಟರು. ಮರದಡಿಯ ಹುಲ್ಲಿನ ನಡುವೆ ಬಿಳಿಯ ನಕ್ಷತ್ರದಂಥ ಹೂ ಬಿಡುವ ಈ ಗಿಡ ಬೇರಿನ ಆಸೆಗೆ ಅಗೆದು ಅಗೆದು ಕಾಡಿನಲ್ಲಿ ವಿರಳವಾಯಿತು, ಅದರ ಬೀಜ ಮೊಳೆಯುವ ಪ್ರಮಾಣವೂ ಕಡಿಮೆಯಾದ್ದರಿಂದ ಕಳೆದುಹೋದದ್ದು ಬೇಗ ತುಂಬಿಬರುವುದಿಲ್ಲ.

ಬೀಜ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ರಾಷ್ಟ್ರೀಯ ಉದ್ಯಾನದೊಳಗಿಂದ ಗಿಡವನ್ನಾಗಲಿ ಬೀಜವನ್ನಾಗಲಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ; ಬೆಳಗಿನ ವಾಯುವಿಹಾರಕ್ಕೆ ಹೋದವರು ಜೇಬಿನಲ್ಲಿ ಒಂದು ಕಾಯಿ ಹಾಕಿಕೊಂಡು ಬಂದರೆ ಏನಾಗುತ್ತದೆ ಎಂದು ಕೇಳುವವರಿಗೆ, ಬೆಳಿಗ್ಗೆ ಅಲ್ಲಿ ನಡೆಯಲು ಬರುವವರ ಸಂಖ್ಯೆಯನ್ನು ಒಮ್ಮೆ ನೋಡಿ ಎಂದಷ್ಟೇ ಹೇಳಬಹುದು. ಮನೆ ಏಳಲಿರುವ ಖಾಲಿ ನಿವೇಶನಗಳು, ರಸ್ತೆ ಅಗಲಿಸಲು ಗುರುತು ಮಾಡಿದ ಅಂಚುಗಳು, ಪರಿಚಯಸ್ಥರ ಊರಿನ ಹಿತ್ತಲುಗಳು, ಹಬ್ಬದ ಮಾರುಕಟ್ಟೆ, ಇಷ್ಟು ಸಾಕು. ಅಲ್ಲಿಯೂ ಮಾಲೀಕರನ್ನು ಕೇಳಿ, ಗಿಡದ ಬಹುಪಾಲು ಕಾಯಿಗಳನ್ನು ಗಿಡದಲ್ಲಿಯೇ ಬಿಡಬೇಕು. ವೈಲ್ಡ್‌ಫ್ಲವರ್ ಮಿಕ್ಸ್ ಎಂದು ಬಣ್ಣದ ಪೊಟ್ಟಣಗಳಲ್ಲಿ ಬರುವ ಬೀಜವನ್ನು ಮಾತ್ರ ದಯವಿಟ್ಟು ಕೊಳ್ಳಬಾರದು. ಅವುಗಳಲ್ಲಿ ಹೆಚ್ಚಾಗಿ ಇರುವ ಕಾಸ್ಮಾಸ್, ಝಿನಿಯಾಗಳು ಮೆಕ್ಸಿಕೋ ಕಡೆಯ ಬಿಸಿಲಿನ ಹೂಗಳು, ನೆರಳಿನಲ್ಲಿ ಸೊರಗುತ್ತವೆ, ಬಿಸಿಲಿಗೆ ಹಾರಿದರೆ ಹೆದ್ದಾರಿಯ ಅಂಚನ್ನೆಲ್ಲ ಹಳದಿ ಮಾಡುತ್ತವೆ. ಹಾಗೆಯೇ ತೋಟದಲ್ಲಿ ಹೆಚ್ಚಾದ ಬೀಜವನ್ನು ಮಳೆಗಾಲದ ಚಾರಣಕ್ಕೆ ಹೋದಾಗ ಕಾಡಿಗೆ ಎರಚಿ ಬರುವ ಉತ್ಸಾಹವೂ ಬೇಡ, ಊರಿನಿಂದ ಬಂದ ಗಿಡದ ವಂಶವನ್ನು ಬೇರೊಂದು ಗುಡ್ಡದಲ್ಲಿ ಬೆರೆಸುವ ಅಗತ್ಯವಿಲ್ಲ.

ಮಣ್ಣಿನ ವಿಚಾರ ಹೆಚ್ಚಿಲ್ಲ. ಸೊಸೈಟಿಯ ಪಟ್ಟಿಯಲ್ಲಿ ಇರುವುದು ಬಹುತೇಕ ಕಟ್ಟಡ ಕಟ್ಟಿದಾಗ ಉಳಿದ ಸಿಮೆಂಟು ಚೂರು ಮತ್ತು ಗಾರೆ. ಮೇಲಿನ ಅರ್ಧ ಅಡಿಯನ್ನು ಸಡಿಲಿಸಿ ಚೂರುಗಳನ್ನು ಹೆಕ್ಕಿ, ಕೆಂಪು ಮಣ್ಣು ಒಂದು ಪಾಲು, ಕೊಳೆತ ಎಲೆಗೊಬ್ಬರ ಒಂದು ಪಾಲು ಸೇರಿಸಿದರೆ ಸಾಕು. ಸಗಣಿಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ. ಬೆಲೆಬಾಳುವ ಬೀಜವಿದ್ದರೆ ಕುಂಡದಲ್ಲಿ ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ, ನೇರ ಮಳೆ ಹೊಡೆಯದಂತೆ ಕಿಟಕಿಯ ಮೇಲೆ ಚಾಚಿರುವ ಛಜ್ಜಾದ ಕೆಳಗಿಟ್ಟು ಎಬ್ಬಿಸುವುದು ಒಳ್ಳೆಯದು. ಜುಲೈನ ಜಡಿಮಳೆಯಲ್ಲಿ ಎಳೆಯ ಮೊಳಕೆಯ ಬುಡ ಕೊಳೆಯುವುದು ಇಲ್ಲಿಯ ಸಾಮಾನ್ಯ ರೋಗ. ಅದಕ್ಕಿಂತ ದೊಡ್ಡ ಪೀಡೆ ಆಫ್ರಿಕದ ದೈತ್ಯ ಬಸವನಹುಳು. ಒಂದೇ ರಾತ್ರಿಯಲ್ಲಿ ಕರ್ಣಕುಂಡಲದ ಇಡೀ ಮಡಿಯನ್ನು ಮೇಯುತ್ತದೆ. ವಿಷದ ಗುಳಿಗೆ ಹಾಕಿದರೆ ಬೀದಿನಾಯಿ, ಬೆಕ್ಕುಗಳೂ ಸಾಯಬಹುದು. ಆದ್ದರಿಂದ ರಾತ್ರಿ ಊಟದ ಮೇಲೆ ಟಾರ್ಚು ಹಿಡಿದು, ಕೈಗವಸು ತೊಟ್ಟು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ದಾರಿ. ಅದು ಮನುಷ್ಯನಿಗೆ ರೋಗ ತರುವ ಜಂತುಗಳನ್ನು ಹೊತ್ತಿರುವ ಸಾಧ್ಯತೆಯಿರುವುದರಿಂದ ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಲೇಬಾರದು.

ಬೀಜ, ಮಣ್ಣು, ಹುಳುಗಳಿಗಿಂತ ಕಠಿಣವಾದದ್ದು ಮನುಷ್ಯರನ್ನು ಒಪ್ಪಿಸುವುದು. ಸೊಸೈಟಿಯ ಮಾಲಿಗೆ ಜೂನ್ ಕೊನೆಯಲ್ಲಿ ಏಳುವ ಎಲ್ಲ ಹಸಿರೂ ಕಳೆಯೇ. ಚೊಕ್ಕಟವಾಗಿ ಕೆರೆದು ತೆಗೆದರೆ ಕೆಲಸ ಮಾಡಿದ ಲೆಕ್ಕ. ಅವನದೇನೂ ತಪ್ಪಲ್ಲ, ಯಾವುದನ್ನು ಉಳಿಸಬೇಕೆಂದು ಅವನಿಗೆ ಹೇಳಿದವರಿಲ್ಲ. ಕುಂಡವೊಂದರಲ್ಲಿ ಬೇಗ ಎಬ್ಬಿಸಿದ ನಾಲ್ಕಾರು ಮೊಳಕೆಗಳನ್ನು ತೋರಿಸಿ, ಇಂಥ ಎಲೆ ಕಂಡರೆ ಬಿಡು ಎಂದರೆ ಮುಂದೆ ಅವನೇ ಎಲ್ಲರಿಗಿಂತ ಚೆನ್ನಾಗಿ ಗುರುತಿಸುತ್ತಾನೆ. ಎಲೆ ಗುಡಿಸುವುದು ಇನ್ನೊಂದು ಸಮಸ್ಯೆ. ಕಾಡಿನ ಬೀಜ ಒಣ ಎಲೆಯ ತೆಳು ಹೊದಿಕೆಯಡಿಯಲ್ಲಿ ಬೇಸಗೆ ಕಳೆಯುತ್ತದೆ, ದಿನಾ ಗುಡಿಸಿದರೆ ಎಲೆಯ ಜೊತೆಗೆ ಉದುರಿದ ಬೀಜವೂ ಕಸದ ಗಾಡಿಗೆ ಹೋಗುತ್ತದೆ. ಎಲೆ ಬಿಟ್ಟರೆ ಸೊಳ್ಳೆ ಬರುತ್ತದೆ, ಹಾವು ಬರುತ್ತದೆ ಎಂಬ ಆಕ್ಷೇಪ ಪ್ರತಿಯೊಂದು ಸಭೆಯಲ್ಲಿಯೂ ಏಳುತ್ತದೆ. ಸೊಳ್ಳೆ ಮರಿ ಮಾಡುವುದು ನಿಂತ ನೀರಿನಲ್ಲಿ. ಬಾಲ್ಕನಿಯ ಕುಂಡಗಳ ಕೆಳಗಿನ ತಟ್ಟೆ, ಮಹಡಿಯ ಮೇಲೆ ಬಿದ್ದ ಟಯರು, ಸಮತಟ್ಟು ತಪ್ಪಿದ ಪೇವರ್ ಬ್ಲಾಕಿನ ಗುಂಡಿ ಅದಕ್ಕೆ ಪ್ರಶಸ್ತ. ಸಡಿಲ ಮಣ್ಣು ನೀರನ್ನು ಕುಡಿದುಬಿಡುತ್ತದೆ. ಹಾವಿನ ಭಯವನ್ನು ಸುಳ್ಳೆಂದು ತಳ್ಳಿಹಾಕಲಾಗದು, ನಮ್ಮ ಕಡೆ ಹಾವು ಬರುವುದು ನಿಜ. ಅದಕ್ಕೆ ಎಲೆಯನ್ನು ಎರಡಂಗುಲಕ್ಕಿಂತ ದಪ್ಪವಾಗಲು ಬಿಡದೆ, ಮೂಲೆಯಲ್ಲಿ ರಾಶಿ ಹಾಕದೆ, ಇಟ್ಟಿಗೆ ಕಲ್ಲುಗಳನ್ನು ಪೇರಿಸಿಡದೆ, ಗೋಡೆಯಂಚಿನಲ್ಲಿ ಒಂದಡಿ ಜಾಗವನ್ನು ಬರಿದಾಗಿಟ್ಟುಕೊಂಡರೆ ಓಡಾಡುವವರಿಗೆ ನೆಲ ಕಾಣುತ್ತದೆ. ಹಾವಿಗಿಂತ ಅದು ಅರಸಿ ಬರುವ ಇಲಿಯನ್ನು ಕಸದ ಡಬ್ಬಿಯ ಬಳಿ ತಡೆಯುವುದು ಹೆಚ್ಚು ಮುಖ್ಯ.

ಪೇವರ್ ಬ್ಲಾಕಿನ ಸಲಹೆಯನ್ನು ಲೇಖಕರು ಮರುಪರಿಶೀಲಿಸಬೇಕೆಂದು ವಿನಂತಿ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಅದರಲ್ಲಿ ಹೆಚ್ಚುಪಾಲು ನಾಲ್ಕೇ ತಿಂಗಳಿನಲ್ಲಿ ಸುರಿಯುವ ಊರಿನಲ್ಲಿ ನೀರು ಇಂಗುವ ಮಣ್ಣು ಉಳಿದಿರುವುದೇ ಇಂಥ ಪಟ್ಟಿಗಳಲ್ಲಿ. ಧಾರಾವಿಯ ಪಕ್ಕ, ಮಿಠಿ ನದಿಯ ದಂಡೆಯಲ್ಲಿ, ಒಂದು ಕಾಲಕ್ಕೆ ನಗರದ ಕಸ ಸುರಿಯುತ್ತಿದ್ದ ಜಾಗದಲ್ಲಿ 1994ರಲ್ಲಿ ಸಾರ್ವಜನಿಕರಿಗೆ ತೆರೆದ ಮಹಾರಾಷ್ಟ್ರ ನೇಚರ್ ಪಾರ್ಕಿನೊಳಗೆ ಒಮ್ಮೆ ನಡೆದು ಬಂದವರು, ಇಲ್ಲಿಯ ನೆಲದಲ್ಲಿ ಏನೂ ಬೆಳೆಯುವುದಿಲ್ಲ ಎಂಬ ಮಾತನ್ನು ಆಡಲಾರರು.

ಕೊನೆಯದಾಗಿ ಒಂದು ಕೋರಿಕೆ. ನಗರದ ಸೊಸೈಟಿಗಳಲ್ಲಿ ಮಳೆಗಾಲದ ಮುಂಚಿನ ದುರಸ್ತಿ, ನೆಲಹಾಸು, ಮರ ಸವರುವ ಕೆಲಸಗಳಿಗೆ ದರಪಟ್ಟಿ ತರಿಸಿಕೊಳ್ಳುವುದು ಏಪ್ರಿಲ್ ತಿಂಗಳಿನಲ್ಲಿ. ಅದಕ್ಕೆ ಮುಂ‌ಚೆಯೇ ಈ ಪತ್ರ ಪ್ರಕಟವಾದರೆ ಒಂದೆರಡು ಕಮಿಟಿಗಳಾದರೂ ಕಟ್ಟಡದ ಹಿಂದಿನ ಮಣ್ಣಿನ ಪಟ್ಟಿಯನ್ನು ಹಾಗೆಯೇ ಬಿಡುವ ಬಗ್ಗೆ ಯೋಚಿಸಬಹುದು. ನಗರದ ಕನ್ನಡ ಸಂಘಗಳು ಯುಗಾದಿಯ ಕಾರ್ಯಕ್ರಮಗಳಲ್ಲಿ ಬೇವುಬೆಲ್ಲದ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜಿಟ್ಟು, ಸದಸ್ಯರು ತಂದ ಅಬ್ಬಲಿಗೆ, ಕರ್ಣಕುಂಡಲ, ಚಂಗಲಕೋಷ್ಠಗಳ ಬೀಜವನ್ನು ಊರಿನ ಹೆಸರು ಮತ್ತು ಬೀಜ ತೆಗೆದ ತಿಂಗಳು ಬರೆದ ಲಕೋಟೆಗಳಲ್ಲಿ ಹಂಚಿದರೆ, ಮೇ ಕೊನೆಯ ಬಿತ್ತನೆಗೆ ಸಮಯ ಸರಿಯಾಗಿ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ
ಬೋರಿವಲಿ ಪೂರ್ವ, ಮುಂಬಯಿ